ತೊಳೆಯದ ಕಂಬಳಿ

ಸಾಕ್ಷಿಗಳು ಕೋರ್ಟಿನಲ್ಲಿ ಉಲ್ಟಾ ಹೊಡೆಯುವುದು ಯಾಕೆ ಎಂಬುದರ ಮೇಲೆ ನಾನು ಮೂರು ವರ್ಷದಿಂದ ಪಿಎಚ್.ಡಿ. ಬರೆಯುತ್ತಿದ್ದೆ. ಜಾತಿ ದೌರ್ಜನ್ಯದ ಕೇಸುಗಳಲ್ಲಿ ಆರೋಪಿಗಳು ಖುಲಾಸೆಯಾದ ನಲವತ್ತು ತೀರ್ಪು ಓದಿದ್ದೆ. ‘ರಕ್ತದ ಬಟ್ಟೆ ಜಪ್ತಿಯಾಗಿಲ್ಲ’ ಎಂಬ ಸಾಲು ಬಂದಲ್ಲೆಲ್ಲ ಅಂಚಿನಲ್ಲಿ ‘ತನಿಖೆಯ ಅಸಡ್ಡೆ’ ಎಂದು ಗೀಚುತ್ತಿದ್ದೆ. ಬೀದರಿನ ರೂಮಿನಲ್ಲಿ ಫ್ಯಾನಿನ ಕೆಳಗೆ ಕೂತು ಹಾಗೆ ಗೀಚುವುದು ಬಹಳ ಸಲೀಸು.

ಅದರಲ್ಲೊಂದು ಕೇಸು ನಮ್ಮ ಭಾಲ್ಕಿ ಕಡೆಯದು. ಹನ್ನೆರಡು ವರ್ಷದ ಹಿಂದೆ ನಮ್ಮ ಜನರಲ್ಲೊಬ್ಬನನ್ನು ಕೊಡಲಿಯಿಂದ ಕಡಿದ ಅಣ್ಣತಮ್ಮಂದಿರು ಬಿಡುಗಡೆಯಾಗಿದ್ದರು. ಕಣ್ಣಾರೆ ಕಂಡಿದ್ದ ಕುರಿಗಾಹಿ ಮಡೆಪ್ಪ ಕಟಕಟೆಯಲ್ಲಿ ಏನೂ ನೋಡಿಲ್ಲ ಎಂದುಬಿಟ್ಟಿದ್ದ. ಅವನನ್ನು ಮಾತಾಡಿಸಲು ನನ್ನ ತಮ್ಮ ಸುಶೀಲಕುಮಾರ ಬೈಕಿನಲ್ಲಿ ಕರೆದುಕೊಂಡು ಹೋದ. ಮಡೆಪ್ಪ ತುಟಿ ಬಿಚ್ಚಲಿಲ್ಲ. ಆದರೆ ನಾವು ಬಂದ ಸುದ್ದಿ ಆ ಅಣ್ಣತಮ್ಮಂದಿರಿಗೆ ಮುಟ್ಟಿತು.

ಮರುದಿನ ಮಧ್ಯಾಹ್ನ ಔರಾದ ಕಡೆಯ ರಸ್ತೆಯಲ್ಲಿ ಸುಶೀಲನನ್ನು ಅಡ್ಡಗಟ್ಟಿದರು. ಕಬ್ಬಿಣದ ರಾಡಿನಿಂದ ಮೊದಲು ಮೊಣಕಾಲು ಒಡೆದರು. ಬಿದ್ದವನ ಎರಡೂ ಕೈಗಳನ್ನು ಕಲ್ಲಿನ ಮೇಲಿಟ್ಟು ಜಜ್ಜಿದರು.

“ನಿಮ್ಮಕ್ಕಗ ಹೇಳು, ಇದನ್ನೂ ಪುಸ್ತಕದಾಗ ಬರಿ ಅಂತ” ಎಂದು ಬಾಯಿಗೆ ಹೊಡೆದರು. ದವಡೆ ಮುರಿಯಿತು. ಹತ್ತಿರದಲ್ಲೇ ಕುರಿ ಮೇಯಿಸುತ್ತಿದ್ದ ಮಡೆಪ್ಪ, ಅವರು ಹೋದ ಮೇಲೆ ಅವನನ್ನು ತನ್ನ ಕಂಬಳಿಯಲ್ಲಿ ಸುತ್ತಿ, ಆಟೋದಲ್ಲಿ ಹಲಬರ್ಗಾದ ನಮ್ಮ ಮನೆಗೆ ತಂದ. ಕಂಬಳಿ ಹೊದ್ದುಕೊಂಡು ಹಾಗೇ ಹೊರಟುಹೋದ.

ನಾನು ದವಾಖಾನೆ ಮುಟ್ಟುವಷ್ಟರಲ್ಲಿ ತಮ್ಮನ ದವಡೆಗೆ ತಂತಿ ಬಿಗಿದಿದ್ದರು. ಹೆಸರು ಹೇಳಲು ಬಾಯಿಲ್ಲ, ಬರೆಯಲು ಕೈಯಿಲ್ಲ. ಅವನ ರಕ್ತದ ಅಂಗಿ ಎಲ್ಲಿ ಎಂದು ಅವ್ವನನ್ನು ಕೇಳಿದೆ.

“ತೊಳದು ಒಣ ಹಾಕೀನಿ. ಹೊಲಸ ಬಟ್ಟಿ ನೋಡಿದ್ರ ದವಾಖಾನ್ಯಾಗ ಹೊರಗೇ ನಿಂದರಸ್ತಾರ, ಮಗಳಾ” ಅಂದಳು ಅವ್ವ ಕಾಂತಾಬಾಯಿ.

ಸರ್ಕಾರಿ ಮೆಟ್ಟಿಲು ಹತ್ತುವಾಗ ಬಿಳಿ ಬಟ್ಟೆಯಲ್ಲಿ ತಲೆಯೆತ್ತಿ ಹೋಗಬೇಕೆಂದು ಅಪ್ಪ ನಮಗೆಲ್ಲ ಕಲಿಸಿದ್ದ. ಅವ್ವನ ಮೇಲೆ ಹರಿಹಾಯ್ದೆ. ಆಮೇಲೆ ನನ್ನ ನಲವತ್ತು ತೀರ್ಪುಗಳು ನೆನಪಾದವು. ಅವುಗಳಲ್ಲಿ ಎಷ್ಟು ಜನ ಅವ್ವಂದಿರು ಹೀಗೆ ಬಟ್ಟೆ ತೊಳೆದಿದ್ದರೋ! ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನಾನು ಠಾಣೆಯಲ್ಲಿ ದೂರು ಕೊಟ್ಟೆ. ಸುಶೀಲ ಬೈಕಿನಿಂದ ಬಿದ್ದ ಎಂದು ಆ ಅಣ್ಣತಮ್ಮಂದಿರು ಹೇಳಿಕೆ ಕೊಟ್ಟರು. ಮಡೆಪ್ಪ ಈ ಸಲವೂ ಉಲ್ಟಾ ಹೊಡೆದರೆ ನಲವತ್ತೊಂದನೆಯ ತೀರ್ಪು ನಮ್ಮದೇ.

ಮೂರನೆಯ ದಿನ ಅವನು ತಾನಾಗಿಯೇ ಠಾಣೆಗೆ ಬಂದು, ನನ್ನೆದುರೇ ಕಂಬಳಿಯನ್ನು ಮೇಜಿನ ಮೇಲೆ ಹರವಿದ. ರಕ್ತ ಒಣಗಿ ಉಣ್ಣೆ ಗಟ್ಟಿಯಾಗಿತ್ತು.

“ನಾವು ಕುರುಬರು ಕಂಬಳಿ ತೊಳಿಯಂಗಿಲ್ಲರಿ, ಸಾಹೇಬರ. ಹುಡುಗನ ರಕ್ತ ಇದರಾಗೇ ಅದ. ಹೋದ ಸಲ ನನ್ನ ಹನ್ನೊಂದು ಕುರಿ ಕಾಲು ಕಡದು ನನ್ನ ಬಾಯಿ ಕಟ್ಟಿದ್ರು. ಈಗ ಇದನ್ನ ಹೊತಗೊಂಡು ನಾ ಹ್ಯಾಂಗ ನೋಡಿಲ್ಲ ಅನ್ಲಿ?”

ಹೇಳಿಕೆ ಅರ್ಧ ಬರೆದಾಗಿತ್ತು. ಅವನ ಫೋನ್ ಹೊಡೆದುಕೊಂಡಿತು. ಹೆಂಡತಿ ಮಾಯಾ. ಅವಳ ಚೀರಾಟದ ಹಿಂದೆ ಕುರಿಗಳು ಅರಚುವುದು ನಮಗೆಲ್ಲ ಕೇಳಿಸಿತು. ಪೊಲೀಸನ ಪೆನ್ನು ನಿಂತಿತು.

ಮಡೆಪ್ಪ ಫೋನನ್ನು ಕಿಸೆಗಿಟ್ಟ. ಹೆಬ್ಬೆಟ್ಟನ್ನು ಮುಂದೆ ಚಾಚಿದ.

“ಅದನ್ನೂ ಬರ್ಕೋರಿ” ಅಂದ.