ಟ್ರೆಬಲ್ ಒಂಬತ್ತರಲ್ಲಿ

ಭಾವ ತಂದಿಟ್ಟ ಹೂಗುಚ್ಛವನ್ನು ಅವಳು ಗಂಡನ ಎದೆಯ ಮೇಲಿಂದ ಎತ್ತಿ, ಅಷ್ಟು ಜನ ನೋಡುತ್ತಿರುವಂತೆಯೇ, ಬಾಗಿಲ ಬಳಿಯ ಚಪ್ಪಲಿ ರಾಶಿಯ ಮೇಲೆ ಎಸೆದಳು.

"ಅಕ್ಕಾ, ಏನಿದು? ಜನ ಏನಂದ್ಕೊಳಲ್ಲ?" ತಂಗಿ ಓಡಿಬಂದು ತೋಳು ಹಿಡಿದಳು.

"ಅಂದ್ಕೊಳ್ಳಲಿ. ಹನ್ನೊಂದು ವರ್ಷ ಈ ಹೊಸಿಲು ತುಳೀಲಿಲ್ಲ. ಇವತ್ತು ತಮ್ಮ ನೆನಪಾದ್ನಂತೆ! ಕೊಂದವರೇ ಹೂ ತಂದ್ರೆ ಇಟ್ಕೋಬೇಕಾ?"

"ಹಾರ್ಟ್ ಅಟ್ಯಾಕ್ ಕಣೇ ಆಗಿದ್ದು..."

"ನಂಗೆ ಗೊತ್ತು ಏನಾಗಿದ್ದು ಅಂತ."

ಭಾವ ಕಿಟಕಿಯ ಬಳಿ ಈ ಕಡೆಗೆ ಬೆನ್ನು ಮಾಡಿ, ಹಳೆಯ ಶಿಷ್ಯರಿಗೆ ಏನೋ ಹೇಳುತ್ತಿದ್ದ. ಮಾತು ಎತ್ತರದ್ದು, ಸಾವಿನ ಮನೆ ಎಂಬ ಅಳುಕೂ ಇಲ್ಲ. ಊರಿಗೆಲ್ಲ ಅವನು ಗಿಟಾರ್ ಮೇಷ್ಟ್ರು. ಎದುರಿಗೆ ಹೆಣವಾಗಿ ಮಲಗಿದ್ದ ತಮ್ಮ ಊರಿಗೆಲ್ಲ ವಾಲ್ವ್ ಡಾಕ್ಟರು. ಗಾಜಿನ ವಾಲ್ವ್ ಇರುವ ಹಳೆಯ ಗಿಟಾರ್ ಆಂಪ್ಲಿಫೈಯರುಗಳನ್ನು ಬಿಚ್ಚಿ, ಉಸಿರು ತುಂಬಿ ಕಳಿಸುವುದೇ ಹನ್ನೊಂದು ವರ್ಷದ ಹಿಂದಿನವರೆಗೂ ಅವನ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಸಂಸಾರ, ಹಿಂದಿನ ಕೋಣೆಯಲ್ಲಿ ಆಂಪುಗಳು. ಎರಡರಲ್ಲಿ ಯಾವುದು ಹೆಚ್ಚು ಎಂದು ಅವಳು ಎಷ್ಟೋ ಸಲ ಜಗಳ ತೆಗೆದಿದ್ದಳು. ಅವನು ನಗುತ್ತಿದ್ದ.

ಮೂರು ಗಂಟೆಗೆ ಹೆಣ ಒಯ್ಯುವ ವ್ಯಾನು ಬರುವುದಿತ್ತು. ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ಅಷ್ಟರೊಳಗೆ ಈ ಮನುಷ್ಯ ಇಷ್ಟೂ ಜನರ ಮುಂದೆ 'ನನ್ನ ತಮ್ಮನ ಕೆಲಸದಲ್ಲಿ ಐಬಿರಲಿಲ್ಲ' ಅನ್ನಬೇಕು. ಅನ್ನದಿದ್ದರೆ ಅವಳೇ ಬಾಯಿ ಬಿಡುತ್ತಾಳೆ. 'ನಾನಿರೋವರೆಗೂ' ಎಂದು ಗಂಡ ಹಾಕಿಸಿದ್ದ ಆಣೆ ಬೆಳಿಗ್ಗೆ ಆರಕ್ಕೇ ಮುಗಿದುಹೋಗಿತ್ತು.

*

ಹನ್ನೊಂದು ವರ್ಷದ ಹಿಂದೆ ಅವತ್ತು ಸಂಗೀತದ ಸಭಾಂಗಣದಲ್ಲಿ ಎರಡು ಆಂಪುಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಒಂದೇ ಕಂಪನಿಯವು, ಒಂದೇ ವರ್ಷದವು. ಒಂದು ಮೇಷ್ಟ್ರದ್ದು, ಇನ್ನೊಂದು ಶಿಷ್ಯ ಡುಮ್ಮನದ್ದು. ಯಾವುದರ ನಾದ ಒಳ್ಳೆಯದು, ಯಾವ ನಾಬ್ ಎಲ್ಲಿಟ್ಟರೆ ಚೆಂದ ಎಂದು ಕೇಳಿಸಿ ತೋರಿಸುವ ಕಾರ್ಯಕ್ರಮ. ವಾಲ್ವ್ ಡಾಕ್ಟರು ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ.

ಮೊದಲು ಡುಮ್ಮ ನುಡಿಸಿದ. ದಪ್ಪ ಸ್ವರದ ನಾಬು ಬೇಸ್ ಮೂರು, ಮಿಡ್ಲ್ ಐದು, ಸಣ್ಣ ಸ್ವರ ಏರಿಸುವ ಟ್ರೆಬಲ್ ನಾಲ್ಕು. ಮೆಲ್ಲಗೆ ಮೀಟಿದರೆ ತಿಳಿಯಾದ ಸ್ವರ, ಒತ್ತಿ ಮೀಟಿದರೆ ಅಳು ತಡೆದುಕೊಂಡು ಮಾತಾಡುವವರ ಗಂಟಲಿನ ಹಾಗೆ ಅಂಚಿನಲ್ಲಿ ಒಡೆಯುತ್ತಿತ್ತು. ಆಂಪುಗಳೆಂದರೆ ಸವತಿಯರು ಎಂದುಕೊಂಡಿದ್ದ ಅವಳಿಗೂ ಮೈ ಜುಮ್ಮೆಂದಿತು.

ಆಮೇಲೆ ಮೇಷ್ಟ್ರು. ಬೇಸ್ ಮೂರೇ, ಮಿಡ್ಲ್ ಐದೇ, ಟ್ರೆಬಲ್ ಒಂಬತ್ತು. ಮೊದಲ ಸ್ವರಕ್ಕೇ ಮುಂದಿನ ಸಾಲಿನ ಹೆಂಗಸೊಬ್ಬಳು ಕಿವಿ ಮುಚ್ಚಿಕೊಂಡಳು. ತಟ್ಟೆಯ ಮೇಲೆ ಚಮಚ ಕೆರೆದ ಹಾಗಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ಆನಂದವಾಗಿ ನುಡಿಸಿಕೊಂಡೇ ಹೋದ. ಕಣ್ಣು ಬಿಟ್ಟಾಗ ಅರ್ಧ ಸಭೆ ಮುಖ ಕಿವುಚಿಕೊಂಡು ಕೂತಿತ್ತು.

ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಮರುಕ್ಷಣ ಮೈಕ್ ಹಿಡಿದು ತಮ್ಮನ ಕಡೆ ಬೆರಳು ತೋರಿಸಿದ. "ಹೋದ ವಾರ ಇವನ ಕೈಗೆ ರಿಪೇರಿಗೆ ಕೊಟ್ಟಿದ್ದೆ. ನೋಡಿ ಏನು ಮಾಡಿಟ್ಟಿದಾನೆ! ಯಾರೂ ಇವನ ಕೈಗೆ ಆಂಪ್ ಕೊಡ್ಬೇಡಿ."

ಮರುದಿನ ಆ ಆಂಪನ್ನು ಬಾಗಿಲಿಗೆ ತಂದು ಬಡಿದು, "ನೀನೇ ಇಟ್ಕೊಂಡು ಸಾಯಿ" ಎಂದು ಹೋದವನು ಮತ್ತೆ ಬರಲಿಲ್ಲ.

ಗಂಡ ಅದರ ಹಿಂದಿನ ಹಲಗೆ ಬಿಚ್ಚಿ ಅವಳಿಗೆ ತೋರಿಸಿದ. ಯಾವ ಆಂಪು ಬಂದರೂ ಕೈ ಹಚ್ಚುವ ಮೊದಲು ನಾಬುಗಳು ಎಲ್ಲಿವೆ ಎಂದು ಹಲಗೆಯ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿಡುವುದು ಅವನ ಪದ್ಧತಿ. ಕೊಟ್ಟವರು ಬಿಟ್ಟಂತೆಯೇ ವಾಪಸ್ ಪಡೆಯಬೇಕಲ್ಲ. ಅಣ್ಣನ ಆಂಪಿನಲ್ಲಿ ಹದಿನೈದು ವರ್ಷದ ಬರಹವಿತ್ತು. ಬೇಸ್ ಮೂರರಿಂದ ಅಲುಗಾಡಿಲ್ಲ. ಟ್ರೆಬಲ್ ಮಾತ್ರ ನಾಲ್ಕು, ನಾಲ್ಕು, ಐದು, ಆರು, ಆರೂವರೆ, ಎಂಟು, ಒಂಬತ್ತು.

"ಆಂಪಿಗೇನೂ ಆಗಿಲ್ಲ ಕಣೇ. ಅಣ್ಣನ ಕಿವಿ ಹೋಗ್ತಿದೆ. ಸಣ್ಣ ಸ್ವರ ಅವನಿಗೆ ಕೇಳಿಸ್ತಿಲ್ಲ."

"ಹಂಗಾದ್ರೆ ಅಲ್ಲೇ ಹೇಳ್ಬಾರ್ದಿತ್ತಾ? ನಿಮ್ಮ ಬಾಯಿಗೇನು ಬೀಗ ಹಾಕಿತ್ತಾ?"

"ಹೇಳಿದ್ರೆ ನಾಳೆಯಿಂದ ಯಾವ ಮಗು ಅವನ ಹತ್ರ ಕಲಿಯೋಕೆ ಬರುತ್ತೆ? ನಾನು ಫ್ಯಾನೋ ಇಸ್ತ್ರಿ ಪೆಟ್ಟಿಗೆನೋ ರಿಪೇರಿ ಮಾಡ್ಕೊಂಡು ಬದುಕ್ತೀನಿ. ಅವನಿಗೆ ಕಿವಿ ಬಿಟ್ರೆ ಇನ್ನೇನಿದೆ? ನಾನಿರೋವರೆಗೂ ನೀನು ಬಾಯಿ ಬಿಡ್ಕೂಡ್ದು. ಆಣೆ ಇಡು."

ಇಟ್ಟಳು. ಹನ್ನೊಂದು ವರ್ಷ ಫ್ಯಾನು, ಇಸ್ತ್ರಿ ಪೆಟ್ಟಿಗೆ. ವರ್ಷಕ್ಕೊಮ್ಮೆ ಮಾತ್ರ ಆ ಆಂಪಿನ ಧೂಳು ಒರೆಸಿ, ಸ್ವಿಚ್ ಹಾಕಿ, ವಾಲ್ವ್ ಕೆಂಪಾಗುವುದನ್ನು ನೋಡುತ್ತ ಕೂರುತ್ತಿದ್ದ. ಅವಳ ಹೊಟ್ಟೆ ಅದಕ್ಕಿಂತ ಕೆಂಪಗೆ ಉರಿಯುತ್ತಿತ್ತು.

*

ಎರಡೂಮುಕ್ಕಾಲಿಗೆ ಭಾವ ಹೆಣದ ತಲೆಯ ಹತ್ತಿರ ಬಂದು ನಿಂತು ಗಂಟಲು ಸರಿಮಾಡಿಕೊಂಡ.

"ನಮ್ಮಿಬ್ಬರ ಮಧ್ಯೆ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಅವನು ಕೆಟ್ಟವನಲ್ಲ. ಕೈಗುಣ ಇರ್ಲಿಲ್ಲ, ಅಷ್ಟೇ. ಇವತ್ತು ನಾನು ಅವನನ್ನ ಕ್ಷಮಿಸಿದೀನಿ."

ಅವಳಿಗೆ ನೆತ್ತಿಯವರೆಗೆ ಬೆಂಕಿ ಹತ್ತಿತು.

"ಕ್ಷಮಿಸೋಕೆ ನೀವ್ಯಾರ್ರೀ?"

ಭಾವ ಅವಳ ತುಟಿಗಳನ್ನೇ ನೋಡಿದ. "ಏನಮ್ಮ?"

"ಅವರ ಕಾಲು ಹಿಡ್ಕೊಂಡು ನೀವು ಕ್ಷಮೆ ಕೇಳ್ಬೇಕು! ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಅವರು ನಿಮ್ಮ ಆಂಪ್ ಹಾಳು ಮಾಡ್ಲಿಲ್ಲ. ನಿಮ್ಮ ಕಿವಿ ಹಾಳಾಗಿದೆ."

"ಹುಚ್ಚು ಹಿಡಿದಿದೆಯಾ ನಿಂಗೆ? ಊರಿಗೆಲ್ಲ ಶ್ರುತಿ ಹಿಡಿಯೋದು ಕಲಿಸಿದ ಕಿವಿ ಇದು!"

"ಬನ್ನಿ ಹಿಂದೆ. ಎಲ್ಲರೂ ಬನ್ನಿ."

ತಂಗಿ "ಅಕ್ಕಾ, ಬೇಡ್ವೇ" ಎನ್ನುತ್ತಿದ್ದಂತೆಯೇ ಅವಳು ಹಿಂದಿನ ಕೋಣೆಗೆ ನುಗ್ಗಿದಳು. ಜನ ಬಾಗಿಲಿಗೆ ಮುತ್ತಿದರು. ಆ ಆಂಪಿನ ಹಿಂದಿನ ಹಲಗೆ ಬಿಚ್ಚಿ ಭಾವನ ಮುಖದ ಮುಂದೆ ಹಿಡಿದಳು. "ಓದಿ. ಕಣ್ಣಾದ್ರೂ ನೆಟ್ಟಗಿದೆ ತಾನೇ?"

ಅವನು ಓದಿದ. ಮುಖದ ಬಣ್ಣ ಇಳಿಯಿತು. ಆದರೆ ಸೋಲುವ ಜಾತಿಯಲ್ಲ ಆ ಮನುಷ್ಯ.

"ಇದೇ ಸಾಕ್ಷಿ! ವರ್ಷ ವರ್ಷ ಒಳಗೆ ಏನೋ ಕೆಡಿಸಿ ಟ್ರೆಬಲ್ ಕಮ್ಮಿ ಮಾಡ್ತಾ ಬಂದ. ಅದಕ್ಕೇ ನಾನು ಜಾಸ್ತಿ ಇಟ್ಕೋಬೇಕಾಯ್ತು."

"ಮೇಷ್ಟ್ರೇ," ಬಾಗಿಲಿನಲ್ಲಿ ನಿಂತಿದ್ದ ಡುಮ್ಮ ನೆಲ ನೋಡುತ್ತ ಹೇಳಿದ. "ಅವತ್ತು ನೀವು ಹೋದ್ಮೇಲೆ ನಿಮ್ಮ ಆಂಪ್‌ನ ಟ್ರೆಬಲ್ ನಾಲ್ಕಕ್ಕೆ ಇಳಿಸಿ ನುಡಿಸಿ ನೋಡ್ದೆ. ನಂದಕ್ಕೂ ಅದಕ್ಕೂ ಒಂಚೂರೂ ವ್ಯತ್ಯಾಸ ಇರ್ಲಿಲ್ಲ."

"ಹನ್ನೊಂದು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆಯೋ?" ಅವಳು ಅವನನ್ನೂ ಬಿಡಲಿಲ್ಲ.

"ಮೇಷ್ಟ್ರಿಗೆ ಎದುರಾಡೋದು ಹೆಂಗಕ್ಕಾ..."

"ಸುಳ್ಳು! ಎಲ್ಲ ಸೇರ್ಕೊಂಡು ಆಡ್ತಿದೀರಿ," ಭಾವ ಕೂಗಿದ.

ಅವಳು ಆಂಪಿನತ್ತ ಬಾಗಿದಳು. ಸ್ವಿಚ್ ಹಾಕಿದಳು. ಬೇಸ್ ಮೂರು, ಮಿಡ್ಲ್ ಐದು, ಟ್ರೆಬಲ್ ಒಂಬತ್ತು. ವಾಲ್ಯೂಮ್ ಪೂರ್ತಿ. ಗಂಡ ಯಾವತ್ತೂ ಅಷ್ಟು ಏರಿಸುತ್ತಿರಲಿಲ್ಲ. ಹಾಗೆ ಏರಿಸಿದರೆ ಹಳೆಯ ವಾಲ್ವು ಸಿಳ್ಳೆ ಹಾಕುತ್ತದೆ ಎಂದು ಹೇಳುತ್ತಿದ್ದ. ಅರ್ಧ ನಿಮಿಷ ವಾಲ್ವುಗಳು ಕಾದವು. ಮೊದಲು ಸುಯ್ಯೆಂಬ ಸದ್ದು ಬಂತು, ಅದರೊಳಗಿಂದ ಸೂಜಿಯಷ್ಟು ಸಣ್ಣ ಸಿಳ್ಳೆಯೊಂದು ಎದ್ದು ಏರುತ್ತ ಹೋಯಿತು. ತಂಗಿ ಕಿವಿ ಮುಚ್ಚಿಕೊಂಡಳು. ಡುಮ್ಮ ಮುಚ್ಚಿಕೊಂಡ. ಮುಂದಿನ ಕೋಣೆಯಲ್ಲಿ ಯಾವುದೋ ಮಗು ಕಿಟಾರನೆ ಅಳತೊಡಗಿತು.

ಭಾವ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದ.

"ಏನಮ್ಮ, ಇದು ಸತ್ತೇ ಹೋಗಿದೆಯಲ್ಲ? ಸದ್ದೇ ಇಲ್ಲ!"

ಅವನು ಬಗ್ಗಿ ಸ್ಪೀಕರಿನ ಬಟ್ಟೆಗೆ ಕಿವಿ ಹಚ್ಚಿದ. ಇನ್ನೊಂದು ಕಿವಿ ಹಚ್ಚಿದ. ಹಿಂದೆ ವಾಲ್ವುಗಳು ನಿಗಿನಿಗಿ ಉರಿಯುವುದು ಕಂಡಿತು. ತಲೆಯೆತ್ತಿ ಬಾಗಿಲ ತುಂಬ ನಿಂತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಅಷ್ಟೂ ಜನರ ಕೈ ಕಿವಿಯ ಮೇಲಿತ್ತು.

ಇದೇ ಮುಖವನ್ನು ನೋಡಬೇಕೆಂದು ಅವಳು ಹನ್ನೊಂದು ವರ್ಷ ಹಲ್ಲು ಕಚ್ಚಿಕೊಂಡಿದ್ದಳು. ನೋಡಿದಳು. ಹಿಗ್ಗೂ ಆಯಿತು, ಸುಳ್ಳೇಕೆ. ಹೊರಗೆ ವ್ಯಾನು ಬಂದು ನಿಂತಿತು.

ಭಾವ ನಿಧಾನವಾಗಿ ಎರಡೂ ಕೈ ಎತ್ತಿದ. ಎಲ್ಲರ ಹಾಗೆಯೇ ಕಿವಿ ಮುಚ್ಚಿಕೊಂಡ. ಎಲ್ಲರ ಹಾಗೆಯೇ ಮುಖ ಕಿವುಚಿ, ಕಣ್ಣು ಬಿಗಿಯಾಗಿ ಮುಚ್ಚಿದ.

ಅವಳು ಸ್ವಿಚ್ ಆರಿಸಿದಳು. ಸಿಳ್ಳೆ ನಿಂತಿತು. ಡುಮ್ಮ ಕೈ ಇಳಿಸಿದ, ತಂಗಿ ಇಳಿಸಿದಳು, ಮಗುವೂ ಅಳು ನಿಲ್ಲಿಸಿತು. ಆ ನಿಶ್ಶಬ್ದದ ನಡುವೆ ಭಾವ ಮಾತ್ರ ಕಣ್ಣು ಬಿಡದೆ, ಕೈ ತೆಗೆಯದೆ ನಿಂತಿದ್ದ.

"ಸಾಕು, ನಿಲ್ಸಮ್ಮ," ಎನ್ನುತ್ತಿದ್ದ. "ಕಿವಿ ಹರಿದು ಹೋಗ್ತಿದೆ. ನಿಲ್ಸು."