ಡೋಣಿಯ ದೋಣಿ

ಹೊಳೆ ಅಗಲವಾದ ಮೇಲೆ ಹೊಳೆಯಪ್ಪನ ಹರಗೋಲು ಅವನ ಮಾತು ಕೇಳುವುದನ್ನು ಬಿಟ್ಟಿತು. ಮುಂಡರಗಿಯಿಂದ ತೆಂಕಣಕ್ಕೆ, ತುಂಗಭದ್ರೆಯ ದಂಡೆಯ ಮೇಲೆ ಅವನ ಊರು. ಕೆಳಗೆ ದೂರದಲ್ಲಿ ಆಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ ಮೇಲೆ ಹಿನ್ನೀರು ಏರುತ್ತ ಬಂದು, ಕೂಗಿದರೆ ಕೇಳುತ್ತಿದ್ದ ಆಚೆ ದಂಡೆ ಒಂದು ಕರಿ ಗೆರೆಯಾಗಿಬಿಟ್ಟಿತ್ತು. ಬುಟ್ಟಿಯಂಥ ದುಂಡನೆಯ ಹರಗೋಲು ಹರಿಯುವ ನೀರಿಗೆ ಸರಿ. ನಿಂತ ನೀರಿನ ಮೇಲೆ ಕಪ್ಪತಗುಡ್ಡದ ಕಡೆಯಿಂದ ಗಾಳಿ ಬಂದರೆ ಅದು ಬುಗುರಿಯಂತೆ ತಿರುಗುತ್ತಿತ್ತು. ಒಂದು ದಿನ ಹೊಳೆಯಪ್ಪ, ಅವನ ಹೆಂಡತಿ ಮರಿಯವ್ವ ಇಬ್ಬರೂ ಹಾಗೆ ತಿರುಗುತ್ತ ಯಾವುದೋ ಊರಿನ ಹೊಲದಂಚಿಗೆ ಹೋಗಿ ಬಿದ್ದರು. ಬಲೆ ನೀರುಪಾಲಾಯಿತು.

ನಡೆದು ಮನೆಗೆ ಬರುವ ಹಾದಿಯಲ್ಲಿ ಮರಿಯವ್ವ ಹೇಳಿದಳು, "ಇನ್ನ ಈ ಬುಟ್ಟಿ ನಂಬಿ ನೀರಿಗೆ ಇಳಿಯೂದು ಬ್ಯಾಡ್ರಿ. ಹಲಗಿ ದೋಣಿ ತಗೊಳ್ಳೂಣು."

"ರೊಕ್ಕ?"

"ಎರಡು ಆಡು ಅದಾವ. ನನ್ನ ಕಾಲಾಗಿನ ಬೆಳ್ಳಿ ಕಡಗ ಅದಾವ. ಎಷ್ಟು ಬರತೈತೋ ಅಷ್ಟರಾಗಿನ ದೋಣಿ."

ದೋಣಿ ಅಂದರೆ ಲಕ್ಷ್ಮೇಶ್ವರದ ಮಾಶಾಕ. ಬಂಡಿಯ ಗಾಲಿ ಮಾಡುವುದು ಆ ಬಡಿಗನ ದಿನದ ಕೆಲಸ. ಹೊಳೆಸಾಲಿನ ಊರುಗಳವರು ಕೇಳಿದರೆ ದೋಣಿಯನ್ನೂ ಮಾಡಿಕೊಡುತ್ತಿದ್ದ. ಅವನ ಅಂಗಳದಲ್ಲಿ ಸಾಗವಾನಿಯ ದೊಡ್ಡ ದೋಣಿಯೊಂದು ಅರ್ಧ ಸಿದ್ಧವಾಗಿ ನಿಂತಿತ್ತು. ಹೆಂಡತಿಯೊಡನೆ ಬಂದಿದ್ದ ಹೊಳೆಯಪ್ಪ ಅದರ ಮೈ ಸವರಿದ.

"ಅದನ್ನ ಮುಟ್ಟಬ್ಯಾಡೋ, ಆಮ್ಯಾಲೆ ಮನಸು ಬಿಡೂದಿಲ್ಲ," ಅಂದ ಮಾಶಾಕ. "ನೀವು ಇಬ್ಬರು, ಬಲಿ ಒಂದು. ಅಷ್ಟು ದೊಡ್ಡದಕ್ಕ ಹುಟ್ಟು ಹಾಕಿದ್ರ ನಿನ್ನ ರಟ್ಟಿ ಹೋಗತಾವ. ನಿನಗ ಬೇಕಾದದ್ದು ಸಣ್ಣದು. ಅಡಿ ಚಪ್ಪಟಿ ಇರಬೇಕು, ಬಲಿ ಎಳಿಯೋ ಮುಂದ ವಾಲಬಾರದು. ಹೊಸಾದು ನಿನ್ನ ರೊಕ್ಕಕ್ಕ ಬರೂದಿಲ್ಲ. ಹಳೇದು ನೋಡು."

"ಹಳೇದು ಎಲ್ಲಿ ಐತಿ?"

ಮಾಶಾಕ ಬಾಚಿ ಎತ್ತಿಕೊಂಡು ಮಸೆಯತೊಡಗಿದ. "ಡೋಣ್ಯಾಗ ಒಂದು ಐತಿ. ಮತ್ತಿ ಮರದ್ದು, ನಾನ ಮಾಡಿಕೊಟ್ಟದ್ದು. ನಿನ್ನ ಹೆಂಡತಿ ತವರಿನ ಅಂಬಿಗ, ವಿರೂಪಾಕ್ಷಪ್ಪಂದು."

ಹೊಳೆಯಪ್ಪನಿಗೆ ನಗು ಬಂತು. ಹೆಸರಿಗೆ ಡೋಣಿ, ಊರು ಇರುವುದು ಗುಡ್ಡದ ಬುಡದಲ್ಲಿ. ಅಲ್ಲಿಂದ ಹೊಳೆಗೆ ಬಂಡಿ ಹೂಡಿದರೆ ಒಂದು ದಿನದ ಹಾದಿ. ಮರಿಯವ್ವ ಮಾತ್ರ ನಗಲಿಲ್ಲ. ಅವಳ ತವರೂರು ಹಿನ್ನೀರಿನಲ್ಲಿ ಮುಳುಗಿ ಮೂರು ವರ್ಷವಾಗಿತ್ತು. ಊರಿನ ಮಂದಿ ದಿಕ್ಕಿಗೊಬ್ಬರಾಗಿದ್ದರು. ವಿರೂಪಾಕ್ಷಪ್ಪ ಡೋಣಿಯ ಮಗಳ ಮನೆ ಸೇರಿದ್ದು ಅವಳಿಗೆ ಗೊತ್ತಿತ್ತು. ಆದರೆ ನೀರಿಲ್ಲದ ಊರಿಗೆ ದೋಣಿಯನ್ನೇಕೆ ಹೇರಿಕೊಂಡು ಹೋದ ಎಂದು ಕೇಳಿದಳು.

"ಅದನ್ನ ಅವನ್ನೇ ಕೇಳ್ರಿ," ಅಂದ ಮಾಶಾಕ.

ಇಬ್ಬರೂ ಡೋಣಿಗೆ ಹೋದರು. ದೋಣಿ ಊರ ಹೊರಗೆ, ಬೇವಿನ ಮರದ ಕೆಳಗಿತ್ತು. ಅದರ ತುಂಬ ಗುಂಡುಕಲ್ಲು ಹೇರಿದ್ದರು.

"ಗಾಳಿಗೆ," ಅಂದ ವಿರೂಪಾಕ್ಷಪ್ಪ. ಮುದುಕ ಬಿಸಿಲಲ್ಲೇ ದೂರ ನಿಂತಿದ್ದ, ನೆರಳಿಗೆ ಬರಲಿಲ್ಲ. ಮರಿಯವ್ವನ ಮುಖ ನೋಡಿ ಅವನ ದನಿ ಇಳಿಯಿತು. "ನಿನಗ ಬ್ಯಾಡವ್ವ ಇದು. ಬ್ಯಾರೆ ನೋಡಿಕೋರಿ."

"ಯಾಕ ಕಾಕಾ? ತೂತು ಐತೇನು?"

"ತೂತು ಇಲ್ಲ."

ಹೊಳೆಯಪ್ಪ ಕಲ್ಲು ಎತ್ತಿಟ್ಟು ಅಡಿ ನೋಡಿದ. ವೈಶಾಖದ ಬಿಸಿಲು. ಮೂರು ವರ್ಷ ಒಣ ನೆಲದ ಮೇಲಿದ್ದ ಹಲಗೆ ಬಿರಿದು ಬಾಯಿ ಬಿಟ್ಟಿರಬೇಕಿತ್ತು. ಒಂದು ಸಂದಿಯೂ ಬಿಟ್ಟಿರಲಿಲ್ಲ. ಕಲ್ಲಿನ ಕೆಳಗೆ ಮರ ತಣ್ಣಗಿತ್ತು, ಹಸಿಯಾಗಿತ್ತು. ಕೈಗೆ ಹಸಿರು ಪಾಚಿ ಹತ್ತಿತು. ಅವನು ಅದನ್ನು ಒಳ್ಳೆಯ ಮರದ ಗುಣವೆಂದು ತಿಳಿದ. ಬೆಲೆ ಕೇಳಿದರೆ ಮುದುಕ ಎರಡು ಆಡಿನ ಬೆಲೆಗಿಂತ ಕಡಿಮೆ ಹೇಳಿದ. ಇಷ್ಟು ಅಗ್ಗಕ್ಕೆ ಇಂಥ ದೋಣಿ ಸಿಕ್ಕರೆ ಬಿಡುವವರು ಯಾರು?

"ಮುಳುಗಿದ ಊರಿನ ಕಡೆ ಒಯ್ಯಬ್ಯಾಡ್ರಿ," ಅಂದ ಮುದುಕ. "ಕೆಳಗ ಗೋಡಿ ಅದಾವ, ಬಲಿ ಹರೀತಾವ." ಬಂಡಿಗೆ ಹೇರುವಾಗ ಅವನು ಕೈಹಚ್ಚಲಿಲ್ಲ.

ನೀರಿಗೆ ಬಿಟ್ಟ ದಿನ ದೋಣಿ ಬಾತುಕೋಳಿಯಂತೆ ಹೋಯಿತು. ಗಾಳಿಗೆ ತಿರುಗಲಿಲ್ಲ, ಬಲೆ ಎಳೆದರೆ ವಾಲಲಿಲ್ಲ. ಆದರೆ ಬಲೆಯಲ್ಲಿ ಒಂದು ಮೀನೂ ಇರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಮಗ್ಗುಲಲ್ಲೇ ಹರಗೋಲಿನವರು ಬುಟ್ಟಿ ತುಂಬಿಕೊಂಡು ಹೋಗುತ್ತಿದ್ದರು.

ಒಂದು ದಿನ ಮಟಮಟ ಮಧ್ಯಾಹ್ನ, ಗಾಳಿ ಪೂರಾ ಬಿದ್ದಿತ್ತು. ಹೊಳೆಯಪ್ಪ ಹುಟ್ಟು ಮೇಲೆತ್ತಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ದೋಣಿ ತಾನೇ ಹೊರಟಿತು. ಅವಸರವಿಲ್ಲದೆ, ಹಾದಿ ಬಲ್ಲ ಎತ್ತಿನಂತೆ ಹೋಗಿ ನಡುನೀರಿನಲ್ಲಿ, ಮುಳುಗಿದ ಊರಿನ ಮೇಲೆ ನಿಂತಿತು. ಹಿಂದಿನ ಹಲಗೆ ಕಿರ್ರೆಂದಿತು. ಆಮೇಲೆ ಅದರ ಮುಂದಿನದು, ಆಮೇಲೆ ಅದರ ಮುಂದಿನದು. ಬಂದು ಕೂತವರು ಹಿಂದಿನವರಿಗೆ ಜಾಗ ಬಿಟ್ಟು ಮುಂದೆ ಸರಿದಂತೆ. ದೋಣಿ ನಾಲ್ಕು ಬೆರಳು ಕೆಳಗಿಳಿಯಿತು. ಹೊಸ ಮಳೆಗೆ ತೋಯ್ದ ಮಣ್ಣಿನ ವಾಸನೆ ಬಂತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ಸುಮ್ನ ಕುಂಡ್ರಿ," ಅಂದಳು ಮರಿಯವ್ವ ಮೆಲ್ಲಗೆ. "ಹಿಂದ ನೋಡಬ್ಯಾಡ್ರಿ."

ಹೊಳೆಯಪ್ಪ ಹುಟ್ಟು ಹಾಕಿದ. ತುಂಬಿದ ದೋಣಿಯ ಭಾರ ಅವನ ರಟ್ಟೆಗೆ ಗೊತ್ತಾಗುತ್ತಿತ್ತು. ದಂಡೆ ಮುಟ್ಟಿದ ಮೇಲೆ ಹಲಗೆಗಳು ಒಂದೊಂದಾಗಿ ಕಿರುಗುಟ್ಟಿದವು, ದೋಣಿ ಮೇಲೆದ್ದಿತು. ಒಣ ಉಸುಕಿನ ಮೇಲೆ ನೀರಿನ ಹನಿಗಳ ಸಾಲೊಂದು ದಂಡೆ ಹತ್ತಿಕೊಂಡು ಹೋಯಿತು, ಬಿಸಿಲಿಗೆ ಅಲ್ಲಲ್ಲೇ ಆರಿತು.

ಮರುದಿನ ಅದೇ ಹೊತ್ತಿಗೆ ಮತ್ತೆ ಹಾಗೇ ಆಯಿತು. ಅದರ ಮಾರನೆಯ ದಿನ ಇಬ್ಬರೂ ಡೋಣಿಗೆ ಹೋದರು.

ವಿರೂಪಾಕ್ಷಪ್ಪ ಅವರನ್ನು ಕಂಡ ಕೂಡಲೆ ಒಳಗೆ ಹೋಗಿ ರೊಕ್ಕದ ಗಂಟು ತಂದು ಮುಂದಿಟ್ಟ. ಅದನ್ನು ಬಿಚ್ಚಿಯೇ ಇರಲಿಲ್ಲ.

"ಊರು ಬಿಡೋ ಮುಂದ ಎಲ್ಲಾರನೂ ಆ ದೋಣ್ಯಾಗ ದಾಟಿಸಿದೆ," ಅಂದ. "ಮಂದಿ, ದನಾ, ಒಳ್ಳು, ಒನಕಿ, ಗುಡ್ಯಾಗಿನ ದೇವರು. ಹುಗಿದವರನ್ನ ಯಾರು ಕೇಳಿದ್ರು? ಮಣ್ಣು ಕೊಟ್ಟ ಜಾಗದಾಗ ಮ್ಯಾಲೆ ಅಷ್ಟು ನೀರು ನಿಂತ್ರ ಅವರು ಅಲ್ಲಿ ಹೆಂಗ ಇರಬೇಕು? ನೀರು ನಿಂತು ತಿಂಗಳಾಗಿರಲಿಲ್ಲ, ದೋಣಿ ಭಾರ ಆಗಾಕ ಹತ್ತಿತು. ಒಂದು ದಿನ ಬೆನ್ನ ಹಿಂದ ಯಾರೋ ಕೆಮ್ಮಿದ್ರು. ನಮ್ಮಪ್ಪನ ಕೆಮ್ಮು ಅದು. ಅವತ್ತ ಬಂಡಿ ಹೂಡಿದೆ."

"ಕಲ್ಲು ಹೇರಿದ್ದು?"

"ಇಲ್ಲೂ ಮುಂಜಾನೆ ನೋಡಿದ್ರ ಹೊಳಿ ಕಡೆ ಮಾರಿ ಮಾಡಿಕೊಂಡು ನಿಂತಿರತಿತ್ತು."

ಹೊಳೆಯಪ್ಪ ಗಂಟು ಎತ್ತಿಕೊಂಡ. "ದೋಣಿ ಅಲ್ಲೇ ಸುಟ್ಟು ಬಿಡತೀನಿ."

"ಸುಡಬ್ಯಾಡ್ರಿ," ಅಂದಳು ಮರಿಯವ್ವ. ಆಮೇಲೆ ಮುದುಕನ ಕಡೆ ತಿರುಗಿ ಕೇಳಿದಳು, "ಕಾಕಾ, ನನ್ನ ಕೂಸು ಬಂದಿತ್ತೇನು?"

ಅವಳ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಿತ್ತು. ಹೆಣ್ಣುಕೂಸು, ಹೆಸರಿಡುವ ಮೊದಲೇ ಹೋಯಿತು. ಹೊಳೆಸಾಲಿನ ಹುಣಸೆಮರದ ಬುಡದಲ್ಲಿ ಹೂತಿದ್ದರು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಮುದುಕ ತಲೆ ಅಲ್ಲಾಡಿಸಿದ. "ದೊಡ್ಡವರು ಮೊದಲು ಬರತಾರವ್ವ. ಸಣ್ಣವರು ನಾನಿರೋ ತನಕ ಬಂದಿದ್ದಿಲ್ಲ."

ಊರು ಹತ್ತಿರ ಬಂದಾಗ ಹೊಳೆಯಪ್ಪ ತಾನೇ ಅಂದ, "ಈ ರೊಕ್ಕದಾಗ ಒಂದು ಹೊಸಾ ಹರಗೋಲು ಬರತೈತಿ. ದಂಡಿಗುಂಟ ನಾ ಮೀನು ಹಿಡೀತೀನಿ. ದೋಣಿ ನಿನಗ ಬಿಟ್ಟದ್ದು."

ಹಾಗೇ ನಡೆಯಿತು. ಹೊಳೆಯಪ್ಪ ಆಳವಿಲ್ಲದ ನೀರಿನಲ್ಲಿ ಬಲೆ ಹಾಕಿ ಎರಡು ಹೊಟ್ಟೆಗೆ ಆಗುವಷ್ಟು ತರುತ್ತಿದ್ದ. ಮರಿಯವ್ವ ದಿನಾ ಮಧ್ಯಾಹ್ನ ಒಬ್ಬಳೇ ದೋಣಿ ಬಿಡುತ್ತಿದ್ದಳು. ಮಳೆಗಾಲ ಬಂತು, ನೀರು ಕೆಂಪಾಯಿತು, ಆಗಲೂ ನಿಲ್ಲಿಸಲಿಲ್ಲ. ಅವಳು ಹಿಂತಿರುಗಿ ನೋಡುತ್ತಿರಲಿಲ್ಲ. ಆದರೆ ಮಾತಾಡುತ್ತಿದ್ದಳು. "ಮುಂದ ಸರೀರಿ, ಇನ್ನೊಬ್ಬರಿಗೆ ಜಾಗ ಆಗತೈತಿ." "ದಂಡಿ ಬಂತು, ಸಾವಕಾಶ ಇಳೀರಿ." ಅವಳ ಹುಟ್ಟಿನ ಸಪ್ಪಳ ಕೇಳಿದರೆ ಬೇರೆ ಅಂಬಿಗರು ಹರಗೋಲು ಬದಿಗೆ ಒಯ್ಯುತ್ತಿದ್ದರು.

ಕನ್ನಡ ನಾಡು ಒಂದಾಯಿತೆಂದು ಮುಂಡರಗಿಯಲ್ಲಿ ಮೆರವಣಿಗೆ ನಡೆದ ವಾರ ಅದು. ಸಂತೆಯಿಂದ ಬಂದ ಹೊಳೆಯಪ್ಪ ದಂಡೆಯ ಮೇಲೆ ಹೆಂಡತಿಯ ಹಾದಿ ನೋಡುತ್ತ ನಿಂತಿದ್ದ. ದೋಣಿ ಬರುತ್ತಿತ್ತು. ಅಂದು ಅದು ಕೆಳಗಿಳಿದಿರಲಿಲ್ಲ, ಆದರೆ ಖಾಲಿಯೂ ಇರಲಿಲ್ಲ. ಅತ್ತ ಇತ್ತ ತುಯ್ಯುತ್ತಿತ್ತು. ಎರಡೂ ಮಗ್ಗುಲಿಗೆ ನೀರಿನ ಮೇಲೆ ಸಣ್ಣ ಸಣ್ಣ ಗೆರೆ ಮೂಡುತ್ತಿದ್ದವು. ಮಕ್ಕಳು ದೋಣಿಯಲ್ಲಿ ಕೂತು ನೀರಿಗೆ ಕೈ ಬಿಟ್ಟರೆ ಮೂಡುವ ಹಾಗೆ.

ದೋಣಿ ದಂಡೆ ಮುಟ್ಟಿತು. ಉಸುಕಿನ ಮೇಲೆ ಹನಿಗಳು ಒತ್ತೊತ್ತಾಗಿ ಬಿದ್ದು ಮೇಲಕ್ಕೆ ಓಡಿದವು. ಮರಿಯವ್ವ ಇಳಿಯಲಿಲ್ಲ. ಹೊತ್ತು ಇಳಿಯುತ್ತ ಬಂದರೂ ಕೂತೇ ಇದ್ದಳು.

"ಇನ್ನೂ ಒಂದು ಐತಿ," ಅಂದಳು. "ಇಳೀವಲ್ಲದು."

ಹೊಳೆಯಪ್ಪನಿಗೆ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ನಿಂತಲ್ಲಿಂದಲೇ ಅಂದ, "ಅದಕ್ಕ ನಡಿಯಾಕ ಬರೂದಿಲ್ಲಲ್ಲ."

ಮರಿಯವ್ವ ಅವನನ್ನು ನೋಡಿದಳು. ಆಮೇಲೆ ಮೊದಲ ಸಲ ಹಿಂತಿರುಗಿದಳು. ಬಗ್ಗಿ, ಹಲಗೆಯ ಮೇಲಿಂದ ಎರಡೂ ಕೈಯಲ್ಲಿ ಏನನ್ನೋ ಎತ್ತಿ, ಕುತ್ತಿಗೆಗೆ ಅಂಗೈ ಕೊಟ್ಟು ಎದೆಗೊತ್ತಿಕೊಂಡಳು. ಸೆರಗು ಹೊದಿಸಿದಳು. ಅವಳು ಕೆಳಗಿಳಿದ ಮೇಲೆ ದೋಣಿ ಹಗುರಾಗಿ, ಖಾಲಿ ಮರದ ಹಾಗೆ ನೀರಿನ ಮೇಲೆ ಅಲುಗಿತು. ಅವಳು ಗಂಡನ ಮುಂದೆಯೇ ಹಾದು ಹೋದಳು. ಮೊಲೆಹಾಲಿಗೆ ತೋಯ್ದಂತೆ ಅವಳ ಕುಪ್ಪಸ ತೋಯ್ದಿತ್ತು.

ದೀಪ ಹಚ್ಚುವ ಹೊತ್ತಿನ ತನಕ ಹಿತ್ತಲಲ್ಲಿ ಕೂತಿದ್ದು, ಆಮೇಲೆ ಬರಿಗೈಯಲ್ಲಿ ಒಳಗೆ ಬಂದು ಒಲೆ ಹೊತ್ತಿಸಿದಳು. ಎಲ್ಲಿ ಮಲಗಿಸಿದೆ ಎಂದು ಹೊಳೆಯಪ್ಪ ಕೇಳಲಿಲ್ಲ.

ದೋಣಿ ಮತ್ತೆ ತಾನಾಗಿ ಎಲ್ಲಿಗೂ ಹೊರಡಲಿಲ್ಲ. ಬೇಸಿಗೆಗೆ ದಂಡೆಗೆ ಎಳೆದಿಟ್ಟರೆ ಎಲ್ಲ ದೋಣಿಗಳ ಹಾಗೆ ಹಲಗೆ ಬಿರಿಯಿತು; ಮಾಶಾಕ ಬಂದು ಸಂದಿಗೆ ಸೆಣಬು ತುಂಬಿ ರಾಳ ಬಳಿದ. ಬಲೆಗೆ ಮೀನು ಬಿದ್ದವು, ಆ ದೋಣಿಯಲ್ಲೇ ಅವರು ಬಹಳ ವರ್ಷ ದುಡಿದರು. ಮಧ್ಯಾಹ್ನ ಮಾತ್ರ ಮರಿಯವ್ವ ನೀರಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಸ್ವಲ್ಪ ಕೆಲಸ ಐತಿ ಅನ್ನುತ್ತಿದ್ದಳು. ಹೊಳೆಯಪ್ಪ ಹುಟ್ಟು ತೆಗೆದುಕೊಂಡು ಒಬ್ಬನೇ ಹೊರಡುವಾಗ, ಹಿತ್ತಲ ಕಡೆಯಿಂದ ಅವಳ ಜೋಗುಳ ಕೇಳಿಬರುತ್ತಿತ್ತು.