ಕೆನ್ನೆಯೊಳಗಿನ ಜೇಷ್ಠಮಧು

ನಮ್ಮ ತರಕಾರಿ ಮಾರುಕಟ್ಟೆಯಲ್ಲಿ ಬೆಳಗಿನ ಹರಾಜು ಕೂಗುವವಳನ್ನು ಎಲ್ಲರೂ ಗಂಟೆಯಕ್ಕ ಎನ್ನುತ್ತೇವೆ. ಅವಳು ದನಿ ಎತ್ತಿದರೆ ಈರುಳ್ಳಿ ಮಾರುವ ನನ್ನ ತಕ್ಕಡಿಯೂ ನಡುಗುತ್ತದೆ, ಸುಳ್ಳಲ್ಲ! ಈಚೆಗೆ ಅವಳ ಕಾಲು ಊದಿತ್ತು, ತೊಡೆಯಲ್ಲಿ ಬಲವಿರಲಿಲ್ಲ. ಮಾತ್ರೆ ನುಂಗಿದರೂ ಬಿ.ಪಿ. ಇಳಿದಿರಲಿಲ್ಲ. ಹರಾಜಿನ ಕಟ್ಟೆ ಹತ್ತಲಾಗದಿದ್ದರೆ ಆ ಕೆಲಸ ಬೇರೆಯವರ ಪಾಲು.

ಒಂದು ಬೆಳಿಗ್ಗೆ ಅವಳ ನಾದಿನಿ, ಆಸ್ಪತ್ರೆಯ ನರ್ಸ್, ಬಿ.ಪಿ. ನೋಡಲು ಮಾರುಕಟ್ಟೆಗೇ ಬಂದಳು.

“ಅತ್ತಿಗೆ, ಉಪ್ಪು ಕಮ್ಮಿ ಮಾಡಿದ್ರಾ?”

“ಮಾಡ್ದೆ ಕಣೇ. ಸಪ್ಪೆ ಸಾರು ತಿಂದೂ ತಿಂದೂ ನಿಮ್ಮಣ್ಣ ನನ್ನ ಮುಖಾನೇ ನೋಡ್ತಿಲ್ಲ.”

“ಆ ಕೆನ್ನೆ ಯಾಕೆ ಉಬ್ಬಿದೆ?”

“ಜೇಷ್ಠಮಧು. ಗಂಟಲಿಗೆ. ದಿನವಿಡೀ ಬಾಯಲ್ಲೇ ಇರತ್ತೆ.”

“ಅಯ್ಯೋ! ಡಾಕ್ಟರಿಗೆ ಹೇಳಿದ್ರಾ?”

“ಏನೇನು ತಿಂತೀಯ ಅಂತ ಕೇಳಿದ್ರು. ಬೇರು ಚೀಪೋದು ತಿನ್ನೋದೇನೇ?”

ನಾನು ಕಿಸಕ್ಕನೆ ನಕ್ಕೆ. ನಾದಿನಿ ನಗಲಿಲ್ಲ.

“ಕೇಳಿ ಅತ್ತಿಗೆ. ನಮ್ಮ ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಸ್ಟೀರಾಯ್ಡ್ ಹಾರ್ಮೋನ್ ಇದೆ. ಬೇಕಾದದ್ದೇ. ಆದ್ರೆ ಮೂತ್ರಪಿಂಡದಲ್ಲಿ ಅದರ ಆಟ ಜಾಸ್ತಿಯಾದ್ರೆ ಉಪ್ಪು, ನೀರು ಮೈಯಲ್ಲೇ ನಿಂತುಬಿಡತ್ತೆ, ಪೊಟ್ಯಾಸಿಯಂ ಹೊರಟುಹೋಗತ್ತೆ. ಹಾಗಾಗದಿರಲಿ ಅಂತ ಅಲ್ಲೊಂದು ಕಿಣ್ವ ಕಾವಲು ಕಾಯತ್ತೆ. ಕಾರ್ಟಿಸಾಲ್ ಬಂದ ಹಾಗೇ ಅದರ ಜೋರು ಇಳಿಸತ್ತೆ. ನಿಮ್ಮ ಜೇಷ್ಠಮಧು ಆ ಕಿಣ್ವದ ಕೈಕಾಲೇ ಕಟ್ಟಿಹಾಕತ್ತೆ! ಬಿ.ಪಿ., ಊತ, ಸುಸ್ತು ಎಲ್ಲ ಅದರಿಂದ್ಲೇ ಇರಬೇಕು.”

“ಸಾಕು ಸುಮ್ನಿರೇ! ಇದನ್ನ ಬಿಟ್ರೆ ದನಿ ಹೋಗತ್ತೆ. ದನಿ ಹೋದ್ಮೇಲೆ ಯಾರು ಕರೀತಾರೆ ನನ್ನ?” ಗಂಟೆಯಕ್ಕನ ಕಣ್ಣು ತುಂಬಿತು.

“ಆಗಾಗ ಬೆಚ್ಚಗಿನ ನೀರು ಕುಡೀರಿ, ಗಂಟಲಿಗೆ ಸ್ವಲ್ಪ ಬಿಡುವು ಕೊಡಿ. ಕಟ್ಟೆ ಹತ್ತೋಕೇ ಆಗದಿದ್ರೆ ದನಿ ಇಟ್ಕೊಂಡು ಏನು ಮಾಡ್ತೀರಿ?”

ಗಂಟೆಯಕ್ಕ ಗೊಣಗುತ್ತಲೇ ಬೇರನ್ನು ಉಗುಳಿದಳು. ಅಂದೇ ನಾದಿನಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು, ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಪೊಟ್ಯಾಸಿಯಂ ತೀರಾ ಕಮ್ಮಿ! ನಾದಿನಿ ಹೇಳಿದ್ದು ಸರಿ ಎಂದು ಅದಕ್ಕೆ ತಕ್ಕ ಔಷಧಿ ಕೊಟ್ಟರು.

ಕೆಲವು ವಾರಗಳಲ್ಲಿ ಊತ ಇಳಿಯಿತು, ಬಿ.ಪಿ.ಯೂ ಹದಕ್ಕೆ ಬಂತು. ನಿನ್ನೆ ಗಂಟೆಯಕ್ಕ ಯಾರ ಕೈಯನ್ನೂ ಹಿಡಿಯದೆ ಕಟ್ಟೆ ಹತ್ತಿದಳು. ಅವಳ ಗಂಡ, ನಾದಿನಿ, ನಾನು, ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ದನಿ ಬರುತ್ತದೋ ಇಲ್ಲವೋ!

“ಏ ಈರುಳ್ಳಿಯವಳೇ, ತಕ್ಕಡಿ ಗಟ್ಟಿಯಾಗಿ ಹಿಡ್ಕೋ!”

ಇಡೀ ಮಾರುಕಟ್ಟೆ ಚಪ್ಪಾಳೆ ತಟ್ಟಿತು. ನಾನಂತೂ ಖುಷಿಗೆ ಅತ್ತೇಬಿಟ್ಟೆ.

ಈಗ ನಿಮ್ಮನ್ನೇ ಕೇಳುತ್ತೇನೆ, ನಿಮ್ಮ ಕೆನ್ನೆಯಲ್ಲಿ ಏನಿದೆ? ಬೇರು, ಕಷಾಯ, ಪುಡಿ, ಏನೇ ಇರಲಿ, ಡಾಕ್ಟರಿಗೆ ಹೇಳಿ. ಬಿ.ಪಿ. ಇರುವವರು ದಿನವೂ ಜೇಷ್ಠಮಧು ಚೀಪಬೇಡಿ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಲೂ ಬೇಡಿ. ಒಳಗಿನ ಕಾವಲುಗಾರ ತನ್ನ ಕೆಲಸ ತಾನು ಮಾಡಲಿ, ನೀವು ನಿಮ್ಮ ಕಟ್ಟೆ ಹತ್ತಿ!